‘ಡಯಾಬಿಟಿಸ್’ ಪದವನ್ನು ಬಿಡಿಸಿ ಓದುವ ಬಗೆ

ಆಸ್ಪತ್ರೆಯ ಚೀಟಿಯಲ್ಲಿ ‘ಟಿ2ಡಿಎಂ’ ಎಂದಿದ್ದರೆ ಸಕ್ಕರೆ ಕಾಯಿಲೆ ಎಂದಷ್ಟೇ ತಿಳಿದು ಸುಮ್ಮನಾಗುತ್ತೇವೆ. ಅದರಲ್ಲಿನ ‘ಟಿ2’ ಎಂದರೆ ಟೈಪ್ 2, ಅಂದರೆ ಎರಡನೆಯ ಬಗೆ; ‘ಡಿಎಂ’ ಎಂದರೆ ಡಯಾಬಿಟಿಸ್ ಮೆಲ್ಲಿಟಸ್. ಮೊದಲನೆಯದು ಗ್ರೀಕ್, ಎರಡನೆಯದು ಲ್ಯಾಟಿನ್.

ಮೊದಲು ಗ್ರೀಕ್ ಪದವನ್ನು ಒಡೆಯಬೇಕು. ‘ಡಿಯಾ’ ಎಂದರೆ ಮೂಲಕ, ‘ಬೈನೆಯಿನ್’ ಎಂದರೆ ಹೋಗುವುದು. ಎರಡೂ ಕೂಡಿದರೆ ‘ಹಾದುಹೋಗುವುದು’. ಇದರಿಂದ ಹುಟ್ಟಿದ ಪದಕ್ಕೆ, ಪಾತ್ರೆಯಿಂದ ಪಾತ್ರೆಗೆ ನೀರಿಳಿಸುವ ಬಾಗಿದ ಕೊಳವೆ ಎಂಬ ಅರ್ಥವೂ ಇತ್ತು. ಡಯಾಲಿಸಿಸ್, ಡಯೇರಿಯಾ ಪದಗಳಲ್ಲಿರುವುದೂ ಇದೇ ‘ಡಿಯಾ’. ಆದರೆ ಡಯಾಕ್ಸೈಡ್‌ನಲ್ಲಿರುವುದು ‘ಎರಡು’ ಎಂಬರ್ಥದ ಬೇರೆ ಪ್ರತ್ಯಯ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಇಲ್ಲಿ ಎಚ್ಚರ ಬೇಕು.

ಅನಂತರ, ಹೆಸರು ರೋಗದ ಯಾವ ಲಕ್ಷಣವನ್ನು ಹಿಡಿದಿದೆ ಎಂದು ಕೇಳಿಕೊಳ್ಳಬೇಕು. ಸುಮಾರು ಕ್ರಿ.ಶ. 2ನೆಯ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಕಪಡೋಷಿಯಾದ ವೈದ್ಯ ಅರಿಟೇಯಸ್, ಮಾಂಸವೂ ಅಂಗಾಂಗಗಳೂ ಕರಗಿ ಮೂತ್ರವಾಗಿ ಹರಿದುಹೋಗುವ ಕಾಯಿಲೆ ಎಂದು ಇದನ್ನು ಬಣ್ಣಿಸಿದ. ಎಷ್ಟು ಕುಡಿದರೂ ಇಂಗದ ಬಾಯಾರಿಕೆ, ಕುಡಿದದ್ದು ದೇಹದಲ್ಲಿ ನಿಲ್ಲದಿರುವುದು: ಕೊಳವೆಯ ಹೆಸರು ಎಷ್ಟು ಸರಿಯಾಗಿ ಒಪ್ಪುತ್ತದೆ! ಗಮನಿಸಿ, ಇದರಲ್ಲಿ ಸಿಹಿಯ ಸುಳಿವೇ ಇಲ್ಲ.

ಸಿಹಿಗಾಗಿ ಎರಡನೆಯ ಪದಕ್ಕೆ ಬರಬೇಕು. ಲ್ಯಾಟಿನ್‌ನಲ್ಲಿ ‘ಮೆಲ್’ ಎಂದರೆ ಜೇನು. ರೋಗಿಗಳ ಮೂತ್ರ ಸಿಹಿಯಾಗಿರುವುದನ್ನು 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ದಾಖಲಿಸಿದ. 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್, ಅಂಥ ಮೂತ್ರವನ್ನು ಇಂಗಿಸಿದಾಗ ತಳದಲ್ಲಿ ಉಳಿದ ಬಿಳಿಚು ಗಟ್ಟಿ ಸಕ್ಕರೆಯಂತೆಯೇ ಇರುವುದನ್ನು ಪ್ರಕಟಿಸಿದ.

ಕೊನೆಗೆ ನಮ್ಮ ಪದವನ್ನು ಪಕ್ಕದಲ್ಲಿಟ್ಟು ನೋಡಬೇಕು. ‘ಮಧುಮೇಹ’ದಲ್ಲಿ ಮಧು ಎಂದರೆ ಜೇನು, ‘ಮೇಹ’ ಬಂದಿರುವುದು ಮೂತ್ರ ವಿಸರ್ಜಿಸು ಎಂಬರ್ಥದ ‘ಮಿಹ್’ ಧಾತುವಿನಿಂದ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯೇ ಹೇಳಿದೆ. ಗ್ರೀಕ್ ಮತ್ತು ಲ್ಯಾಟಿನ್ ಸೇರಿ ಎರಡು ಪದಗಳಲ್ಲಿ ಹೇಳುವುದನ್ನು ಸಂಸ್ಕೃತದಿಂದ ಬಂದ ಈ ಒಂದೇ ಪದ ಹೇಳುತ್ತದೆ.

‘ಡಿಎಂ’ನಲ್ಲಿರುವ ಈ ‘ಎಂ’ ಅನ್ನು ಲಘುವಾಗಿ ಕಾಣಬಾರದು. ‘ಡಯಾಬಿಟಿಸ್ ಇನ್ಸಿಪಿಡಸ್’ ಎಂಬ ಇನ್ನೊಂದು ರೋಗದಲ್ಲೂ ಮೂತ್ರ ಧಾರಾಳವಾಗಿ ಹರಿಯುತ್ತದೆ, ಆದರೆ ಅದರಲ್ಲಿ ಸಕ್ಕರೆಯಿಲ್ಲ. ‘ಇನ್ಸಿಪಿಡಸ್’ ಎಂದರೆ ಸಪ್ಪೆ. ಹೆಸರಿನ ಹೋಲಿಕೆಯಿಂದ ಆಸ್ಪತ್ರೆಗಳಲ್ಲಿ ಈ ರೋಗಿಗಳನ್ನು ಮಧುಮೇಹಿಗಳೆಂದು ಭಾವಿಸಿ, ಅವರಿಗೆ ಅತ್ಯಗತ್ಯವಾದ, ಮೂತ್ರದ ಹರಿವನ್ನು ತಗ್ಗಿಸುವ ಡೆಸ್ಮೊಪ್ರೆಸಿನ್ ಔಷಧವನ್ನು ತಪ್ಪಿಸಿದ ಪ್ರಕರಣಗಳು ನಡೆದವು. ಆದ್ದರಿಂದಲೇ 2022ರಲ್ಲಿ ತಜ್ಞರು, ಆ ರೋಗದ ಹೆಸರಿನಿಂದ ‘ಡಯಾಬಿಟಿಸ್’ ತೆಗೆದು, ಮೂತ್ರದ ಪ್ರಮಾಣವನ್ನು ಹತೋಟಿಯಲ್ಲಿಡುವ ಹಾರ್ಮೋನಿನ ಹೆಸರಿನಿಂದ, ರೋಗದ ಬಗೆಗೆ ತಕ್ಕಂತೆ ‘ಆರ್ಜಿನೈನ್ ವಾಸೊಪ್ರೆಸಿನ್ ಕೊರತೆ’ ಅಥವಾ ‘ಆರ್ಜಿನೈನ್ ವಾಸೊಪ್ರೆಸಿನ್ ಪ್ರತಿರೋಧ’ ಎಂದು ಕರೆಯಲು ಸೂಚಿಸಿದರು.