ಬನ್ನೂರು ಕುರಿಗೆ ತಕ್ಕ ಹೊಗೆಒಲೆ: ನನ್ನ ಅನುಭವ

ಏಳು ವರ್ಷಗಳ ಹಿಂದೆ, ಪಾಂಡವಪುರದ ಬಳಿಯ ನಮ್ಮ ತೋಟದ ಮನೆಯಲ್ಲಿ, ಯುಗಾದಿಯ ಮಾರನೆಯ ದಿನ ಬಾಡೂಟ ಮಾಡುವ ಹೊಸತೊಡಕಿನಂದು, ನಾನು ಮೊದಲ ಬಾರಿಗೆ ಬಯಲಿನಲ್ಲಿ ಕೆಂಡದ ಮೇಲೆ ಮಾಂಸ ಬೇಯಿಸಲು ಹೊರಟೆ. ಮೈಸೂರಿನಿಂದ ಕೊಂಡು ತಂದಿದ್ದ ಬಾರ್ಬೆಕ್ಯೂ ನಾಲ್ಕು ಕಾಲಿನ ತೆಳು ತಗಡಿನ ತಟ್ಟೆಯಾಗಿತ್ತು, ಅದಕ್ಕೆ ಮುಚ್ಚಳವಿರಲಿಲ್ಲ. ಇದ್ದಿಲು ತುಂಬಿ, ಬೀಸಣಿಗೆಯಿಂದ ಬೀಸಿ, ಕೆಂಡ ಕೆಂಪಾದ ಕೂಡಲೇ ಮಸಾಲೆ ಹಚ್ಚಿದ ಕೋಳಿಯ ಕಾಲುಗಳನ್ನು ಸಾಲಾಗಿ ಜೋಡಿಸಿದೆ. ಹತ್ತು ನಿಮಿಷದಲ್ಲಿ ಹೊರಗೆಲ್ಲ ಸೀದು ಕರಿಕಾಯಿತು, ಮೂಳೆಯ ಬಳಿ ಮಾತ್ರ ಮಾಂಸ ಹಸಿಯಾಗಿಯೇ ಉಳಿಯಿತು. ನಾನು ಇಕ್ಕಳದಿಂದ ಕೆಂಡ ಎತ್ತಿ ಹೊರಗೆ ಹಾಕುತ್ತಿದ್ದುದನ್ನು ನೋಡಿ, ಇಪ್ಪತ್ತು ವರ್ಷ ಆಲೆಮನೆ ನಡೆಸಿದ್ದ ನಮ್ಮ ಚಿಕ್ಕಪ್ಪ, "ಉರಿ ಜಾಸ್ತಿ ಆಯ್ತು ಅಂತ ಕೆಂಡ ತೆಗೀಬ್ಯಾಡ ಕಣಪ್ಪ, ಗಾಳಿ ಕಟ್ಟು" ಎಂದರು. ಆ ತಟ್ಟೆಯಲ್ಲಿ ಗಾಳಿ ಕಟ್ಟುವುದಕ್ಕೆ ದಾರಿಯೇ ಇರಲಿಲ್ಲ.

ಅಂದಿನಿಂದ ಇಂದಿನವರೆಗೆ ನಾನು ನಾಲ್ಕು ಒಲೆಗಳನ್ನು ಬಳಸಿದ್ದೇನೆ. ಯಾವುದನ್ನು ಕೊಳ್ಳಬೇಕೆಂದು ಕೇಳುವ ಸ್ನೇಹಿತರಿಗೆ ನಾನು ಮೊದಲು ಹೇಳುವುದು ಚಿಕ್ಕಪ್ಪನ ಆ ಮಾತನ್ನೇ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಉರಿಯುವುದು ಒಣಗಿದ ಕಬ್ಬಿನ ಸಿಪ್ಪೆ. ಅದು ಕ್ಷಣದಲ್ಲಿ ಭಗ್ಗನೆ ಹೊತ್ತಿ ಕ್ಷಣದಲ್ಲಿ ಬೂದಿಯಾಗುವ ಉರುವಲು. ಆದರೂ ಕಬ್ಬಿನ ಹಾಲು ಬೆಲ್ಲವಾಗುವ ಹೊತ್ತಿನವರೆಗೆ ಉರಿಯನ್ನು ಹದದಲ್ಲಿ ಇಡುತ್ತಾರೆಂದರೆ, ಒಲೆಯ ಬಾಯಿಯಿಂದ ಒಳಗೆ ಹೋಗುವ ಗಾಳಿಗೂ ಚಿಮಣಿಯಿಂದ ಹೊರಗೆ ಎಳೆದುಕೊಳ್ಳುವ ಗಾಳಿಗೂ ಅವರು ಲೆಕ್ಕ ಇಟ್ಟಿರುವುದರಿಂದ. ಮಾಂಸ ಬೇಯಿಸುವ ಒಲೆಯೂ ಹೀಗೆಯೇ ನಡೆಯುತ್ತದೆ. ಕೆಳಗೆ ಗಾಳಿ ಬರುವ ಕಂಡಿ, ಮೇಲೆ ಹೊಗೆ ಹೋಗುವ ಕಂಡಿ, ನಡುವೆ ಬಿಗಿಯಾಗಿ ಕೂರುವ ಮುಚ್ಚಳ, ಈ ಮೂರು ಸರಿಯಿದ್ದರೆ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು.

ತೆರೆದ ತಟ್ಟೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಣ್ಣಗೆ ಕೊಚ್ಚಿದ ಮಾಂಸದ ಕಬಾಬು, ಕಾವೇರಿಯ ಮೀನಿನ ತುಂಡು, ಕುರಿಯ ಈಲಿ ಇವಕ್ಕೆ ಅದು ಸಾಕು, ಏಕೆಂದರೆ ಇವು ಐದಾರು ನಿಮಿಷದಲ್ಲಿ ಬೇಯುವಂಥವು. ಗ್ಯಾಸಿನ ಬಾರ್ಬೆಕ್ಯೂ ಮಹಡಿಯ ಮೇಲೆ ಅಡುಗೆ ಮಾಡುವವರಿಗೆ ಅನುಕೂಲ, ಹೊಗೆ ಕಡಿಮೆ, ಅಕ್ಕಪಕ್ಕದವರ ತಕರಾರೂ ಕಡಿಮೆ. ಆದರೆ ಅದರಲ್ಲಿ ಬೆಂದ ಮಾಂಸಕ್ಕೆ ಮರದ ಹೊಗೆಯ ಪರಿಮಳ ಬರುವುದಿಲ್ಲ, ನನಗೆ ಬೇಕಾಗಿದ್ದುದೇ ಆ ಪರಿಮಳ.

ಎರಡನೆಯದಾಗಿ ನಾನು ಕೊಂಡದ್ದು ದುಂಡನೆಯ ಕೆಟಲ್ ಬಾರ್ಬೆಕ್ಯೂ. ಅಮೆರಿಕದ ಶಿಕಾಗೋ ನಗರದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್ ಎಂಬವರು 1952ರಲ್ಲಿ ಇದನ್ನು ರೂಪಿಸಿದರು. ನೀರಿನಲ್ಲಿ ದೋಣಿಗಳಿಗೆ ಗುರುತಾಗಿ ತೇಲಿಬಿಡುವ ಲೋಹದ ಬುರುಡೆಗಳು ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಅಂಥದೊಂದು ಬುರುಡೆಯನ್ನೇ ಎರಡು ಹೋಳು ಮಾಡಿ, ಕೆಳಗಿನ ಹೋಳನ್ನು ಒಲೆಯಾಗಿಯೂ ಮೇಲಿನ ಹೋಳನ್ನು ಮುಚ್ಚಳವಾಗಿಯೂ ಬಳಸಿದರು. ಗಾಳಿಯೂ ಮಳೆಯೂ ತಾಕದಂತೆ ಮುಚ್ಚಿ, ಕಂಡಿಗಳಿಂದ ಉರಿಯನ್ನು ಆಳುವ ಈ ಸರಳ ಉಪಾಯವನ್ನು ನಾನು ತುಂಬ ಗೌರವಿಸುತ್ತೇನೆ. ಮನೆಗೆ ಒಂದೇ ಒಲೆ ಎನ್ನುವವರು 57 ಸೆಂಟಿಮೀಟರ್ ಅಗಲದ ಕೆಟಲ್ ಕೊಳ್ಳುವುದು ಒಳ್ಳೆಯದು. ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಮಾಂಸವನ್ನಿಟ್ಟು ಮುಚ್ಚಿದರೆ ಅದು ಓವನ್ನಿನಂತೆ ಬೇಯಿಸುತ್ತದೆ. ಕೊನೆಯಲ್ಲಿ ಮಾಂಸವನ್ನು ಕೆಂಡದ ಮೇಲೆ ಎಳೆದು ಎರಡು ನಿಮಿಷ ಬಾಡಿಸಿದರೆ ಮೇಲ್ಮೈ ಕೆಂಪಗೆ ಗರಿಯಾಗುತ್ತದೆ. ಮೊದಲ ಹೊಸತೊಡಕಿನಂದು ಸೀದುಹೋದ ಕೋಳಿಯ ಕಾಲುಗಳು ಇದರಲ್ಲಿ ಮುಕ್ಕಾಲು ಗಂಟೆಯಲ್ಲಿ ಸರಿಯಾಗಿ ಬೆಂದವು.

ಮೂರನೆಯದು ನಾನು ದುಡ್ಡು ಕಳೆದುಕೊಂಡ ಒಲೆ. ಅಮೆರಿಕದ ಟೆಕ್ಸಾಸ್ ಕಡೆ ಬಳಸುವ, ಪಕ್ಕದಲ್ಲಿ ಬೆಂಕಿಯ ಪೆಟ್ಟಿಗೆಯೂ ನಡುವೆ ಉದ್ದನೆಯ ಕೊಳವೆಯಂಥ ಕೋಣೆಯೂ ಇರುವ ಆಫ್‌ಸೆಟ್ ಸ್ಮೋಕರ್ ಅದು. ಅಲ್ಲಿನ ಜನ ಐದಾರು ಕಿಲೋ ತೂಗುವ ದನದ ಎದೆಯ ಭಾಗವನ್ನು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಓಕ್ ಮರದ ಸೌದೆಯ ಹೊಗೆಯಲ್ಲಿ ಬೇಯಿಸಲು ಅದನ್ನು ಬಳಸುತ್ತಾರೆ, ಅದಕ್ಕೆ ಒಳ್ಳೆಯ ಒಲೆಯನ್ನು ಆರು ಮಿಲಿಮೀಟರಿನಷ್ಟು ದಪ್ಪದ ಉಕ್ಕಿನಿಂದ ಮಾಡುತ್ತಾರೆ. ನನಗೆ ಸಿಕ್ಕಿದ್ದು ಒಂದೂವರೆ ಮಿಲಿಮೀಟರಿನ ತಗಡು. ಸಂದುಗಳಲ್ಲೆಲ್ಲ ಹೊಗೆ ಸೋರುತ್ತಿತ್ತು. ಆಷಾಢದ ಗಾಳಿಗೆ ಶಾಖ ಒಮ್ಮೆ 90 ಡಿಗ್ರಿಗೆ ಇಳಿದರೆ ಮತ್ತೊಮ್ಮೆ 180ಕ್ಕೆ ಏರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ನಾನು ಬೇಯಿಸುವ ಮಾಂಸಕ್ಕೂ ಆ ಒಲೆಗೂ ಹೊಂದಿಕೆಯೇ ಇರಲಿಲ್ಲ. ಬನ್ನೂರು ಕುರಿ ಗಿಡ್ಡ ಕಾಲಿನ, ದುಂಡು ಮೈಯ ಸಣ್ಣ ತಳಿ. ಅದರ ಮುಂಗಾಲಿನ ಭುಜ ಮೂಳೆ ಸಹಿತ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಇಷ್ಟು ಸಣ್ಣ ಮಾಂಸಕ್ಕೆ ಬೇಕಾದದ್ದು ಐದಾರು ಗಂಟೆ ಏರಿಳಿತವಿಲ್ಲದ ಶಾಖ ಮತ್ತು ಆವಿ ಹೊರಗೆ ಹೋಗದ ಚಿಕ್ಕ ಕೋಣೆ.

ಹಾಗಾಗಿ ನಾಲ್ಕನೆಯ ಒಲೆಯನ್ನು ನಾನೇ ಮಾಡಿಸಿದೆ. ಗುಜರಿ ಅಂಗಡಿಯಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮು ಸಿಗುತ್ತದೆ; ಅದರಲ್ಲಿ ಮೊದಲು ಏನು ತುಂಬಿತ್ತೆಂಬುದನ್ನು ಖಾತ್ರಿ ಮಾಡಿಕೊಳ್ಳದೆ ಕೊಳ್ಳಬಾರದು. ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ಸುಟ್ಟರೂ ಅಡುಗೆಗೆ ಬೇಡ. ನಾನು ಆರಿಸಿದ್ದು ಅಡುಗೆ ಎಣ್ಣೆ ಬಂದಿದ್ದ ಡ್ರಮ್ಮು. ಒಳಗೆ ಸೌದೆ ತುಂಬಿ ಮೂರು ಗಂಟೆ ಧಗಧಗನೆ ಉರಿಸಿ, ಒಳಗಿನ ಲೇಪನವೂ ಹೊರಗಿನ ಬಣ್ಣವೂ ಸುಟ್ಟು ಉದುರಿದ ಮೇಲೆ ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆದು, ಕಡಲೆಕಾಯಿ ಎಣ್ಣೆ ಸವರಿ ಮತ್ತೊಮ್ಮೆ ಕಾಯಿಸಿದೆ. ತಳದಿಂದ ಐದು ಸೆಂಟಿಮೀಟರ್ ಮೇಲೆ ಬೆರಳು ತೂರುವಷ್ಟು ಅಗಲದ ನಾಲ್ಕು ತೂತು, ಒಂದೊಂದಕ್ಕೂ ಜಾರಿಸಿ ಮುಚ್ಚುವ ತಗಡು, ಮುಚ್ಚಳದ ನಡುವೆ ಹೊಗೆಗೊಂದು ಕೊಳವೆ, ಕೆಳಗೆ ಮೂರು ಕಿಲೋ ಇದ್ದಿಲು ಹಿಡಿಯುವ ಜಾಲರಿ ಬುಟ್ಟಿ, ಅದರಿಂದ ಎರಡು ಅಡಿ ಮೇಲೆ ಮಾಂಸವಿಡುವ ಜಾಲರಿ: ಇಷ್ಟೇ ಅದರ ರಚನೆ.

ಇಲ್ಲಿಯೂ ಒಂದು ತಪ್ಪು ನಡೆದುಹೋಯಿತು, ಅದನ್ನು ಹೇಳಲೇಬೇಕು. ವೆಲ್ಡಿಂಗ್ ಅಂಗಡಿಯವರು ಬುಟ್ಟಿಯನ್ನೂ ಮೇಲಿನ ಜಾಲರಿಯನ್ನೂ ಬೇಲಿಗೆ ಬಳಸುವ ಜಿ.ಐ. ಜಾಲರಿಯಿಂದ ಮಾಡಿಕೊಟ್ಟರು, ಹೊಳಪು ನೋಡಿ ನಾನೂ ಒಪ್ಪಿಕೊಂಡೆ. ಮೊದಲ ಬಾರಿ ಕಾಯಿಸಿದಾಗ ಅದರಿಂದ ಬಿಳಿ ಹೊಗೆ ಎದ್ದಿತು. ಜಿ.ಐ. ಎಂದರೆ ಕಬ್ಬಿಣದ ಮೇಲೆ ಸತುವಿನ ಲೇಪನ. ಅದು ಕೆಂಡದ ಕಾವಿಗೆ ಸುಟ್ಟು ಏಳುವ ಹೊಗೆಯನ್ನು ಉಸಿರಾಡಿದವರಿಗೆ ಚಳಿ ಜ್ವರ ಬರುತ್ತದೆಂಬುದು ಅನುಭವಿ ವೆಲ್ಡರುಗಳಿಗೆ ಗೊತ್ತಿರುವ ಸಂಗತಿ. ಎರಡನ್ನೂ ಬಿಸಾಡಿ, ಬುಟ್ಟಿಯನ್ನು ಬರಿಯ ಕಬ್ಬಿಣದಲ್ಲೂ ಮಾಂಸದ ಜಾಲರಿಯನ್ನು ಸ್ಟೇನ್‌ಲೆಸ್ ಸ್ಟೀಲ್ ಕಂಬಿಯಲ್ಲೂ ಮಾಡಿಸಿದೆ.

ಉರುವಲಿನ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಇಸ್ತ್ರಿ ಅಂಗಡಿಯವರು ಇದ್ದಿಲು ತರುವ ಮಂಡಿಯಲ್ಲೇ ನಾನೂ ಮೂಟೆ ತರುತ್ತೇನೆ. ಪುಡಿ ಜರಡಿ ಹಿಡಿದು ತೆಗೆದು, ಮುಷ್ಟಿ ಗಾತ್ರದ ತುಂಡುಗಳನ್ನು ಮಾತ್ರ ಬುಟ್ಟಿಗೆ ಹಾಕುತ್ತೇನೆ, ಏಕೆಂದರೆ ಪುಡಿ ಸೇರಿದರೆ ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಹೆಚ್ಚು ಬಿಸಿ ಕೊಡುತ್ತದೆ, ಕೆಟಲ್‌ನಲ್ಲಿ ಬಾಡಿಸುವುದಕ್ಕೆ ಬಹಳ ಒಳ್ಳೆಯದು. ಹೊಗೆಗಾಗಿ ಒಂದು ವರ್ಷ ಒಣಗಿದ ಸೀಬೆ ಅಥವಾ ಮಾವಿನ ಕೊಂಬೆಯ ಮೂರು ನಾಲ್ಕು ತುಂಡು ಸಾಕು. ಹುಣಸೆಯೂ ಆಗುತ್ತದೆ, ಆದರೆ ಅದರ ಹೊಗೆ ಖಾರ, ಒಂದು ತುಂಡಿಗಿಂತ ಹೆಚ್ಚು ಹಾಕುವುದಿಲ್ಲ. ಬೇವು ಕಹಿ, ನೀಲಗಿರಿಯಲ್ಲಿ ಎಣ್ಣೆ, ಇವೆರಡೂ ಬೇಡ. ಪ್ಯಾಕಿಂಗ್ ಹಲಗೆ, ಬಣ್ಣ ಹೊಡೆದ ಮರ, ಪ್ಲೈವುಡ್ ಇವನ್ನಂತೂ ಹತ್ತಿರ ಸುಳಿಯಗೊಡಬಾರದು. ಮರದ ತುಂಡುಗಳನ್ನು ನೀರಿನಲ್ಲಿ ನೆನೆಸುವುದನ್ನು ನಾನು ಬಿಟ್ಟಿದ್ದೇನೆ. ಆ ನೀರು ಆವಿಯಾಗಿ ಹೋಗುವವರೆಗೆ ಮರ ಹೊತ್ತುವುದಿಲ್ಲ, ಆಮೇಲೆ ಬರುವುದು ಒಣ ಮರದ ಹೊಗೆಯೇ. ದಟ್ಟ ಬಿಳಿ ಹೊಗೆ ಬರುತ್ತಿರುವಾಗ ಮಾಂಸ ಇಡಬಾರದು, ಕಹಿಯಾಗುತ್ತದೆ. ಕೊಳವೆಯಿಂದ ಕಣ್ಣಿಗೆ ಕಂಡೂ ಕಾಣದ ತಿಳಿನೀಲಿ ಹೊಗೆ ಬರುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಹೊತ್ತಿಸಲು ಸೀಮೆಎಣ್ಣೆ ಬೇಡವೇ ಬೇಡ. ಎರಡೂ ಬದಿ ಕತ್ತರಿಸಿ ಸುತ್ತಲೂ ತೂತು ಕೊರೆದ ಎಣ್ಣೆ ಡಬ್ಬದಲ್ಲಿ, ಕೆಳಗೆ ತೆಂಗಿನ ನಾರು ತುರುಕಿ, ಹದಿನೈದು ತುಂಡು ಇದ್ದಿಲನ್ನು ಕೆಂಡ ಮಾಡಿ, ಬುಟ್ಟಿಯಲ್ಲಿ ತುಂಬಿದ ತಣ್ಣನೆಯ ಇದ್ದಿಲಿನ ನಡುವೆ ಸುರಿಯುತ್ತೇನೆ. ಬೆಂಕಿ ತುಂಡಿನಿಂದ ತುಂಡಿಗೆ ನಿಧಾನವಾಗಿ ಹರಡುತ್ತಾ ಆರು ಗಂಟೆ ನಡೆಯುತ್ತದೆ.

ಮಾಂಸ ತರುವಲ್ಲಿ ಎರಡು ತೊಡಕುಗಳಿವೆ. ನಮ್ಮಲ್ಲಿ ಊರವರು ಕೂಡಿ ಕಡಿದು ಪಾಲು ಹಾಕಿಕೊಳ್ಳುವ ಗುಡ್ಡೆ ಬಾಡಾಗಲಿ ಅಂಗಡಿಯ ಬಾಡಾಗಲಿ ಸಾರಿಗೆಂದೇ ಸಣ್ಣ ತುಂಡಾಗಿ ಬರುತ್ತದೆ, ಆದ್ದರಿಂದ ಭುಜವನ್ನು ಕಡಿಯದೆ ಇಡಿಯಾಗಿ ಕೊಡಬೇಕೆಂದು ಹಿಂದಿನ ದಿನವೇ ಹೇಳಿಟ್ಟಿರಬೇಕು. ಮೊದಲ ಸಲ ಕೇಳಿದಾಗ ಅಂಗಡಿಯವರು ಕತ್ತಿ ಕೆಳಗಿಟ್ಟು, "ಇಡಿಯಾಗಾ? ಬೇಯೋದು ಹೆಂಗಣ್ಣ?" ಎಂದು ಕೇಳಿದ್ದರು. ಎರಡನೆಯದು, ಕಡಿದ ಕೆಲವೇ ಗಂಟೆಯ ಮಾಂಸ ಸೆಟೆದುಕೊಂಡಿರುತ್ತದೆ. ಸಾರಿನಲ್ಲಿ ಕುದಿಸಿದರೆ ಅದು ತಿಳಿಯುವುದಿಲ್ಲ, ಒಣ ಶಾಖದಲ್ಲಿ ಚೆನ್ನಾಗಿ ತಿಳಿಯುತ್ತದೆ. ಕಿಲೋಗೆ 12 ಗ್ರಾಂ ಉಪ್ಪು ಸವರಿ ಎರಡು ರಾತ್ರಿ ಫ್ರಿಜ್ಜಿನಲ್ಲಿ ತೆರೆದಿಟ್ಟರೆ ಬಿಗಿ ಸಡಿಲಗೊಂಡು, ಉಪ್ಪು ಒಳಗಿಳಿದು, ಮೇಲ್ಮೈ ಒಣಗಿರುತ್ತದೆ. ಬೆಳಿಗ್ಗೆ ತರಿಯಾಗಿ ಕುಟ್ಟಿದ ಮೆಣಸು, ಧನಿಯ, ಒಂದಿಷ್ಟು ಬ್ಯಾಡಗಿ ಪುಡಿ ಹಚ್ಚುತ್ತೇನೆ. ನಮ್ಮ ಹಸಿ ಮಸಾಲೆ ಎಷ್ಟೇ ರುಚಿಯಾದರೂ ಇಲ್ಲಿಗೆ ಒಗ್ಗುವುದಿಲ್ಲ. ದಪ್ಪಗೆ ಮೆತ್ತಿದ ಮಸಾಲೆ ಹೊಗೆಗೆ ಅಡ್ಡ ನಿಂತು, ತಾನೇ ಸೀಯುತ್ತದೆ.

ಕೆಳಗಿನ ಒಂದು ತೂತನ್ನು ಪೂರ್ತಿ, ಇನ್ನೊಂದನ್ನು ಅರ್ಧ ತೆರೆದರೆ ನನ್ನ ಡ್ರಮ್ಮು 120 ಡಿಗ್ರಿಯಲ್ಲಿ ನಿಲ್ಲುತ್ತದೆ. ಮಾಂಸ ಬೇಯುತ್ತಿರುವಾಗ ಮೇಲಿನ ಕೊಳವೆಯನ್ನು ಎಂದೂ ಮುಚ್ಚುವುದಿಲ್ಲ, ಹೊಗೆ ಒಳಗೇ ನಿಂತರೆ ಮಾಂಸಕ್ಕೆ ಮಸಿಯ ರುಚಿ ಬರುತ್ತದೆ. ಮುಚ್ಚಳ ತೆರೆದು ನೋಡುವ ಆಸೆಯನ್ನು ತಡೆದುಕೊಳ್ಳಬೇಕು; ತೆರೆದಷ್ಟೂ ಗಾಳಿ ನುಗ್ಗಿ ಕೆಂಡ ಕೆರಳುತ್ತದೆ. ಮುಚ್ಚಳದ ಮೇಲಿನ ಗಡಿಯಾರದಂಥ ಮಾಪಕವನ್ನು ನೆಚ್ಚದೆ, ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಕೊಳ್ಳಬೇಕು, ಒಲೆಗಿಂತ ಮೊದಲು ಕೊಂಡರೂ ಸರಿಯೇ. ಅದನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ನೆನಪಿಡಬೇಕಾದದ್ದು, ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು ಕುದಿಯುವುದು 97ರಿಂದ 98 ಡಿಗ್ರಿಯಲ್ಲಿ. 100 ತೋರಿಸಲಿಲ್ಲವೆಂದು ನಾನು ಒಂದು ಒಳ್ಳೆಯ ಥರ್ಮಾಮೀಟರನ್ನು ಹಿಂತಿರುಗಿಸಿಬಿಟ್ಟಿದ್ದೆ.

ಒಲೆಗಿಟ್ಟು ಮೂರು ಗಂಟೆಯಾಗುವ ಹೊತ್ತಿಗೆ ಭುಜದ ಒಳಗಿನ ಶಾಖ 68 ಡಿಗ್ರಿಯ ಆಸುಪಾಸಿನಲ್ಲಿ ಬಂದು ನಿಂತುಬಿಡುತ್ತದೆ. ಮುಕ್ಕಾಲು ಗಂಟೆ ಕಳೆದರೂ ಅಂಕಿ ಅಲುಗದಿದ್ದಾಗ ಹೊಸಬರು ಗಾಬರಿಯಾಗಿ ಉರಿ ಹೆಚ್ಚಿಸುತ್ತಾರೆ. ನಾನೂ ಹೆಚ್ಚಿಸಿ ಕೆಡಿಸಿದ್ದೇನೆ. ಮಡಕೆಯ ನೀರು ತಣ್ಣಗಾಗುವಂತೆಯೇ, ಮಾಂಸದ ಮೇಲ್ಮೈಯಿಂದ ನೀರು ಆರುತ್ತಾ ಒಳಗೆ ಬರುವ ಶಾಖವನ್ನೆಲ್ಲ ಕೊಂಡೊಯ್ಯುವುದರಿಂದ ಹೀಗಾಗುತ್ತದೆ. ಆಗ ನಾನು ಕೆಂಡದ ಮೇಲೆ ಬಾಡಿಸಿ ಮೆತ್ತಗೆ ಮಾಡಿದ ಬಾಳೆ ಎಲೆಯ ಎರಡು ಪದರದಲ್ಲಿ ಭುಜವನ್ನು ಸುತ್ತಿ ಬಾಳೆನಾರಿನಿಂದ ಕಟ್ಟುತ್ತೇನೆ. ನೀರು ಆರುವುದು ನಿಂತು ಶಾಖ ಮತ್ತೆ ಏರುತ್ತದೆ. ಭುಜದಲ್ಲಿ ತುಂಬಿರುವ ನಾರು, ಪೊರೆಗಳು ಕರಗಿ ಅಂಟಾಗಬೇಕಾದರೆ 92 ಡಿಗ್ರಿ ದಾಟಬೇಕು. ಅಗಲ ಮೂಳೆಯನ್ನು ಹಿಡಿದು ತಿರುಗಿಸಿದಾಗ ಸಲೀಸಾಗಿ ಕಳಚಿ ಬಂದರೆ ಬೆಂದಿದೆ ಎಂದರ್ಥ. ಕೊನೆಯ ಕಾಲು ಗಂಟೆ ಎಲೆ ಬಿಚ್ಚಿ, ಹುಣಸೆರಸದಲ್ಲಿ ಕರಗಿಸಿದ ನಮ್ಮ ಮಂಡ್ಯದ ಬೆಲ್ಲವನ್ನು ಸವರುತ್ತೇನೆ. ಮೊದಲೇ ಸವರಿದರೆ ಬೆಲ್ಲ ಕರಿಕಾಗಿ ಕಹಿಯಾಗುತ್ತದೆ. ಇಳಿಸಿದ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಅರ್ಧ ಗಂಟೆ ಬಿಡದೆ ಬಿಡಿಸಬಾರದು.

ಫಾರಂ ಕೋಳಿಗೆ ಈ ನಿಧಾನ ಬೇಡ. ಕಡಿಮೆ ಶಾಖದಲ್ಲಿ ಅದರ ಚರ್ಮ ರಬ್ಬರಿನಂತಾಗುತ್ತದೆ; ಚರ್ಮ ಸಹಿತ ಕೇಳಿ ತಂದು, ಕೆಟಲ್‌ನಲ್ಲಿ 180 ಡಿಗ್ರಿಯಲ್ಲಿ, ತೊಡೆಯ ಒಳಭಾಗ 74 ಡಿಗ್ರಿ ದಾಟುವವರೆಗೆ ಬೇಯಿಸಬೇಕು. ನಾಟಿ ಕೋಳಿಯನ್ನು ಇಡಿಯಾಗಿ ಸುಡುವುದನ್ನು ನಾನು ಮೂರು ಸಲ ಪ್ರಯತ್ನಿಸಿ ಕೈಬಿಟ್ಟೆ. ಒಂದು ಗಂಟೆ ಹೊಗೆ ಕೊಟ್ಟು ಆಮೇಲೆ ತುಂಡು ಮಾಡಿ ಸಾರಿಗೆ ಹಾಕಿದರೆ ಮಾತ್ರ ಅದಕ್ಕೆ ನ್ಯಾಯ ಸಲ್ಲುತ್ತದೆ. ಆ ಸಾರನ್ನು ಉಂಡಾಗ ಅವ್ವ, ಹಿಂದೆ ಒಲೆಯ ಮೇಲೆ ಹಗ್ಗಕ್ಕೆ ಪೋಣಿಸಿ ತೂಗುಬಿಡುತ್ತಿದ್ದ ಉಪ್ಪುಕಂಡದ ವಾಸನೆ ಇದು ಎಂದರು. ಹೊಗೆಯಲ್ಲಿ ಮಾಂಸ ಹದ ಮಾಡುವುದು ನಮಗೆ ಹೊಸತೇನಲ್ಲ ಎಂಬುದು ಆಗ ನನಗೆ ಹೊಳೆಯಿತು. ಮರು ತಿಂಗಳೇ ಅವ್ವನ ಅಳತೆಯಲ್ಲಿ ಉಪ್ಪು, ಅರಿಶಿನ ಹಚ್ಚಿದ ಕಂಡಗಳನ್ನು ಬಿಸಿಲಲ್ಲಿ ಒಣಗಿಸಿ, ಡ್ರಮ್ಮಿನ ಜಾಲರಿಯಿಂದ ಇಳಿಬಿಟ್ಟು ಸೀಬೆಯ ಹೊಗೆ ಕೊಟ್ಟೆ.

ಮಳೆ ಬಂತೆಂದು ಕೆಂಡವಿರುವ ಒಲೆಯನ್ನು ಮನೆಯೊಳಗೆ, ಶೆಡ್ಡಿನೊಳಗೆ ಎಳೆದುಕೊಳ್ಳಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಅಡುಗೆ ಮುಗಿದ ಮೇಲೆ ಎಲ್ಲ ಕಂಡಿಗಳನ್ನೂ ಮುಚ್ಚಿದರೆ ಉಳಿದ ಇದ್ದಿಲು ಆರಿ ಮುಂದಿನ ಬಾರಿಗೆ ಬರುತ್ತದೆ. ಬೂದಿಯನ್ನು ಮಾರನೆಯ ಸಂಜೆಗಿಂತ ಮೊದಲು ನಾನು ಮುಟ್ಟುವುದಿಲ್ಲ, ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಜೀವ ಹಿಡಿದಿರುತ್ತದೆ. ಭುಜದ ಮೂಳೆಗಳನ್ನು ಅದೇ ರಾತ್ರಿ ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ ಕುದಿಯಲು ಇಟ್ಟರೆ ಬೆಳಗಿನ ಬಿಸಿ ಮುದ್ದೆಗೆ ಹೊಗೆಯ ಘಮದ ಸಾರು ಸಿದ್ಧವಾಗಿರುತ್ತದೆ.