ಅಟ್ಟದ ಹೂದಾನಿಯ ಊರು ಯಾವುದು? ಪತ್ತೆ ಮಾಡುವುದು ಹೀಗೆ

ಗೊಂಬೆ ಕೂರಿಸಲು ಅಟ್ಟದಿಂದ ಟ್ರಂಕು ಇಳಿಸಿದಾಗ ಪಟ್ಟದ ಗೊಂಬೆಗಳ ಜೊತೆ, ಹಳೇ ಸೀರೆಯಲ್ಲಿ ಸುತ್ತಿಟ್ಟ ಗಾಜಿನ ಹೂದಾನಿಯೂ ಸಿಗುವುದು ಮೈಸೂರಿನ ಹಳೇ ಮನೆಗಳಲ್ಲಿ ಉಂಟು. ಕಿತ್ತಳೆ ಬಣ್ಣ; ಮೇಲೆ ಮಳೆನೀರಿಗೆ ಸೀಮೆಎಣ್ಣೆ ಚೆಲ್ಲಿದ ಹಾಗೆ ನೇರಳೆ, ಹಸಿರು, ಬಂಗಾರದ ಮಿರುಗು. ‘ವಿಲಾಯತಿ ಮಾಲು’ ಅನ್ನುತ್ತಾರೆ ಹಿರಿಯರು. ಹೌದೋ ಅಲ್ಲವೋ ನೋಡಲು ಅರ್ಧ ಗಂಟೆ ಸಾಕು.

ಮೊದಲು ತೊಳೆಯಿರಿ, ಆದರೆ ಸ್ಟೀಲ್ ಸಿಂಕಿನಲ್ಲಿ ಬೇಡ. ಪ್ಲಾಸ್ಟಿಕ್ ಟಬ್ಬಿಗೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಹಾಕಿಕೊಳ್ಳಿ. ಬಿಸಿನೀರು ಸುರಿದರೆ ಗಾಜು ಸೀಳೀತು. ಹುಣಸೆಹಣ್ಣು, ತೆಂಗಿನ ನಾರು ಹತ್ತಿರವೂ ಸುಳಿಯಬಾರದು. ನಮ್ಮ ಮನೆಯಲ್ಲಿ ಹಿತ್ತಾಳೆ ದೀಪಗಳ ಸಾಲಿಗೆ ಒಂದು ಹೂದಾನಿಯೂ ಸೇರಿಕೊಂಡು, ಸೋದರತ್ತೆ ಅದನ್ನೂ ಚೆನ್ನಾಗಿ ತಿಕ್ಕಿಟ್ಟರು. ‘ಕೊಳೆ ಹೇಗೆ ಬಿಡ್ತು ನೋಡು’ ಅಂತ ಅವರಿಗೆ ಸಂತೋಷ. ಬಿಟ್ಟಿದ್ದು ಕೊಳೆಯಲ್ಲ, ಮಿರುಗು. ಅದು ಗಾಜಿನೊಳಗಿನ ಬಣ್ಣವಲ್ಲ. ಅಚ್ಚಿನಿಂದ ತೆಗೆದ ಗಾಜು ಇನ್ನೂ ಬಿಸಿ ಇರುವಾಗಲೇ ಲೋಹದ ಲವಣಗಳನ್ನು ಸಿಂಪಡಿಸಿ ಕೂರಿಸಿದ ತೆಳು ಪದರ. ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದರೆ ಕಾಣುವ ಗ್ಲಾಸ್ಗೋದ ನವಿಲುಗಾಜು ಬೆಳಕು ಒಳಗಿಂದ ಹಾದಾಗ ಬಣ್ಣ ಕೊಡುತ್ತದೆ. ಇದು ಹಾಗಲ್ಲ, ಬೆಳಕು ಮೇಲೆ ಬಿದ್ದಾಗ ಮಿನುಗುತ್ತದೆ.

ಈ ಮಿರುಗು ಮೊದಲು ಶ್ರೀಮಂತರ ಸೊತ್ತು. ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫಾನಿ 1890ರ ದಶಕದಲ್ಲಿ ಊದಿ ಮಾಡಿಸಿದ ‘ಫಾವ್ರಿಲ್’ ಗಾಜು ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. 1907ರ ಹೊತ್ತಿಗೆ ಅಮೆರಿಕದ ಫೆಂಟನ್ ಸಹೋದರರು ಅಚ್ಚಿನ ಗಾಜಿಗೆ ಅದೇ ಥಳಕು ಹತ್ತಿಸಿ ಅಗ್ಗಕ್ಕೆ ಮಾರಿದರು. ದಸರಾ ವಸ್ತುಪ್ರದರ್ಶನದಲ್ಲಿ ರಿಂಗ್ ಎಸೆದು ಸೋಪು ಗೆಲ್ಲುತ್ತೇವಲ್ಲ, ಅಲ್ಲಿನ ಜಾತ್ರೆಗಳಲ್ಲಿ ಹಾಗೆ ಬಹುಮಾನಕ್ಕೆ ಇಡುತ್ತಿದ್ದರಂತೆ. ‘ಕಾರ್ನಿವಲ್ ಗ್ಲಾಸ್’ ಅನ್ನುವುದು ಸಂಗ್ರಾಹಕರು ಆಮೇಲೆ ಇಟ್ಟ ಹೆಸರು.

ಈಗ ಹೂದಾನಿಯನ್ನು ಬೋರಲು ಹಾಕಿ. ತಳದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ‘ಜೈನ್’ ಎಂದಿದ್ದರೆ ಅದು ವಿಲಾಯತಿಯಲ್ಲ, ಬಳೆಗಳ ಊರು ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನದು. ಮುಖ ಸಣ್ಣದು ಮಾಡಿಕೊಳ್ಳಬೇಡಿ. ಕೈಯೊಂದು ಹೂದಾನಿ ಹಿಡಿದಂತಿರುವ ಅವರ ಮಾದರಿಯನ್ನು ವಿದೇಶಿ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನನ್ನ ಕಣ್ಣಿಗಂತೂ ಅದು ಎಷ್ಟೋ ಯುರೋಪಿನ ಹೂದಾನಿಗಳಿಗಿಂತ ಚೆಂದ. ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಿಂದಿನದಲ್ಲ, ಆ ದೇಶ ಹುಟ್ಟಿದ್ದೇ ಆಗ.

ಫ್ರಾನ್ಸಿನ ‘ಆರ್. ಲಾಲಿಕ್’ ರುಜು ಕಂಡರೆ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಿ. ಗಾಜಿನ ಕಲಾವಿದ ರೆನೆ ಲಾಲಿಕ್ 1945ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆಯ ಗುರುತಿನಿಂದ ‘ಆರ್’ ಹೋಯಿತು, ಹಾಗಾಗಿ ಆ ಒಂದಕ್ಷರಕ್ಕೇ ಬೆಲೆ. ಅದಕ್ಕೇ ಖೋಟಾ ರುಜುಗಳೂ ಹೆಚ್ಚು. ಅಚ್ಚಿನಲ್ಲೇ ಉಬ್ಬಿ ಬಂದ ಹೆಸರನ್ನು ನಂಬುವಷ್ಟು ಆಮೇಲೆ ಕೆತ್ತಿದ್ದನ್ನು ನಂಬಬೇಡಿ.

ಹೆಸರೇ ಇಲ್ಲವೇ? ಪಕ್ಕಗಳ ಮೇಲೆ ಉಗುರು ಆಡಿಸಿ. ಮೇಲಿಂದ ಕೆಳಗೆ ಸಣ್ಣ ಗೆರೆ ಸಿಕ್ಕರೆ ಅಚ್ಚಿನದು. ಗೆರೆಯಿಲ್ಲದೆ ತಳದ ನಡುವೆ, ಬಿಸಿ ಗಾಜನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸಿದ ಗಾಯವೋ ಅದನ್ನು ಉಜ್ಜಿದ ಗುಂಡಿಯೋ ಇದ್ದರೆ ಊದಿದ್ದು. ತಳದ ಗೀರುಗಳನ್ನೂ ನೋಡಿ: ವರ್ಷಗಟ್ಟಲೆ ಕಪಾಟಿನಲ್ಲಿ ಅತ್ತಿತ್ತ ಸರಿದ ಗಾಜಿಗೆ ಅಡ್ಡಾದಿಡ್ಡಿ ಗೀರು, ಉಪ್ಪುಕಾಗದ ಉಜ್ಜಿ ಹಳತು ಮಾಡಿದ್ದಕ್ಕೆ ಒಂದೇ ದಿಕ್ಕಿನ ಗೀರು. ಹಳದಿ-ಹಸಿರು ಗಾಜಾದರೆ ದೀಪ ಆರಿಸಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು ಬಿಡಿ. ಚಿಗುರೆಲೆಯಂತೆ ಝಗ್ಗೆಂದು ಹೊಳೆದರೆ ಅದರಲ್ಲಿ ಯುರೇನಿಯಂ ಬೆರೆತಿದೆ. ಷೋಕೇಸಿನಲ್ಲಿಡಲು ಭಯವಿಲ್ಲ, ಅದರಲ್ಲಿ ಪಾನಕ ಕುಡಿಯುವುದು ಬೇಡ.

ಗೊಂಬೆಯ ಪಕ್ಕ ಸೇವಂತಿಗೆ ಇಡುವುದಾದರೆ ಹೂದಾನಿಯೊಳಗೆ ಸಣ್ಣ ಸ್ಟೀಲ್ ಲೋಟ ಇಳಿಸಿ, ನೀರು ಅದಕ್ಕೇ ಹಾಕಿ. ನೀರು ದಿನಗಟ್ಟಲೆ ಗಾಜಿನಲ್ಲೇ ನಿಂತರೆ ಒಳಗೆ ಬಿಳಿ ಮಂಜು ಕಟ್ಟುತ್ತದೆ. ಒಮ್ಮೆ ಕಟ್ಟಿದ ಆ ಮಂಜು ಎಷ್ಟು ತೊಳೆದರೂ ಬಿಡುವುದು ಕಷ್ಟ.