ಕರಾವಳಿಯ ಹಿತ್ತಲಿಗೆ ಬೋರೆ ಹಣ್ಣು

ಬೋರೆ ಒಣ ನೆಲದ ಮರ. ಹಳಿಯಾಳ, ಮುಂಡಗೋಡದ ಕಡೆ ಹೊಲದ ಬದುವಿನಲ್ಲಿ ಯಾರೂ ನೆಡದೆ ಬೆಳೆದುಕೊಳ್ಳುತ್ತದೆ. ಘಟ್ಟ ಇಳಿದು ಅಂಕೋಲೆ, ಕಾರವಾರಕ್ಕೆ ಬಂದರೆ ಅದೇ ಮರ ಮೈತುಂಬ ಸೊಪ್ಪು ಹೊತ್ತು ನಿಲ್ಲುತ್ತದೆ, ಕಾಯಿ ಮಾತ್ರ ಬೆರಳೆಣಿಕೆ. ಮಣ್ಣಿನ ದೋಷ ಅಂದುಕೊಂಡು ಗೊಬ್ಬರ ಸುರಿಯುವವರೇ ಹೆಚ್ಚು. ಅಸಲು ಕಾರಣ ಮಳೆ. ಹೂವು ಮಳೆಗೆ ಸಿಕ್ಕಿದರೆ ಕಾಯಿ ಕಟ್ಟುವುದಿಲ್ಲ. ಹಾಗಾಗಿ ಇಲ್ಲಿ ಬೋರೆ ಬೆಳೆಸುವುದೆಂದರೆ ಮರ ಯಾವಾಗ ಹೂ ಬಿಡಬೇಕೆಂದು ನಾವು ನಿರ್ಧರಿಸುವುದು.

ಮೊದಲು ಗಿಡದ ಆಯ್ಕೆ. ಘಟ್ಟದ ಮೇಲೆ ಎಲಚಿ, ಬಾರಿ ಅನ್ನುವುದೂ ಕೊಂಕಣಿಯ ಬೋರವೂ ಇದೇ. ಆನ್‌ಲೈನ್‌ನಲ್ಲಿ 'ಜುಜುಬೆ' ಎಂದು ಮಾರುವ ಚೀನಾದ ಜಾತಿ ಬೇರೆ. ಅದು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರ, ಕಾರವಾರದ ಸೆಕೆಯಲ್ಲಿ ಅದಕ್ಕೆ ನಿದ್ದೆ ಬರುವುದಿಲ್ಲ. ನಮ್ಮ ಬೋರೆ ಎಲೆ ಉದುರಿಸುವುದು ಬೇಸಿಗೆಯಲ್ಲಿ. ಕಸಿ ತಳಿಗಳಲ್ಲಿ ಗೋಲಾ ದುಂಡಗೆ, ಬೇಗ ಬರುತ್ತದೆ. ಉಮ್ರಾನ್ ಉದ್ದನೆಯ ಕಾಯಿ, ತಡವಾಗಿ ಬರುತ್ತದೆ, ತಿರುಳು ಹೆಚ್ಚು. ಥಾಯ್ಲೆಂಡ್ ಮೂಲದ ಆಪಲ್ ಬೋರೆ ಮೊದಲ ವರ್ಷವೇ ಫಲ ಕೊಡುತ್ತದೆ, ಕರುಂ ಎನ್ನುತ್ತದೆ, ಆದರೆ ರುಚಿ ಸಪ್ಪೆ. ಬಹಳಷ್ಟು ತಳಿಗಳಿಗೆ ಸ್ವಂತ ಪರಾಗ ಸರಿಯಾಗಿ ಕೂಡುವುದಿಲ್ಲ. ಒಂದೇ ಗಿಡ ನೆಟ್ಟು ಕಾಯುವುದಕ್ಕಿಂತ ಎರಡು ಬೇರೆ ತಳಿ ನೆಡಿ. ಒಂದಕ್ಕಷ್ಟೇ ಜಾಗವಿದ್ದರೆ ಅದೇ ಮರದ ಒಂದು ಕೊಂಬೆಗೆ ಇನ್ನೊಂದು ತಳಿಯ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕೂರಿಸಿ.

ಅಡಿಕೆ ತೋಟದೊಳಗೆ ಬೇಡ. ನೆರಳೂ ಬೇಸಿಗೆಯ ನೀರೂ ಎರಡೂ ಅದಕ್ಕೆ ಆಗದು. ಇಡೀ ದಿನ ಬಿಸಿಲು ಬೀಳುವ ಬೇಣ (ಹುಲ್ಲು ಬೆಳೆಯುವ ಬಯಲು) ಅಥವಾ ಮನೆಯ ಪಡುವಣ ಅಂಗಳದ ಅಂಚು ಸರಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಚಿರೆಕಲ್ಲು ಸಿಕ್ಕಿದರೆ ಹಾರೆಯಿಂದ ತಳವನ್ನು ಒಡೆದು ಬಿಡಿಸಬೇಕು, ಇಲ್ಲವಾದರೆ ಆಷಾಢದಲ್ಲಿ ಆ ಗುಂಡಿಯೇ ಬಾವಿಯಾಗಿ ಬೇರು ಕೊಳೆಯುತ್ತದೆ. ಮೇಲ್ಮಣ್ಣಿಗೆ 15 ಕಿಲೋ ಕಳಿತ ಸಗಣಿ ಗೊಬ್ಬರ, ಅರ್ಧ ಕಿಲೋ ಚಿಪ್ಪಿ ಸುಣ್ಣ ಬೆರೆಸಿ ಎರಡು ವಾರ ಮೊದಲೇ ತುಂಬಿ, ನೆಲಮಟ್ಟಕ್ಕಿಂತ ಒಂದು ಅಡಿ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ನೆಡಿ. ಗಿಡದಿಂದ ಗಿಡಕ್ಕೆ 6 ಮೀಟರ್, ಆಪಲ್ ಬೋರೆಗೆ 4 ಸಾಕು. ನೆಡುವ ಕಾಲ ಸೆಪ್ಟೆಂಬರ್, ಮಳೆಯ ಜೋರು ಇಳಿದ ಮೇಲೆ. ಬೋರೆಯ ತಾಯಿಬೇರು ಬಲು ಬೇಗ ಉದ್ದವಾಗುತ್ತದೆ, ಕಡಿದರೆ ಗಿಡ ಸಾಯುತ್ತದೆ. ನರ್ಸರಿಯಲ್ಲಿ ಚೀಲದ ತಳ ಹರಿದು ಬೇರು ನೆಲಕ್ಕೆ ಇಳಿದಿದ್ದ ಗಿಡವನ್ನು ಕಿತ್ತು ಕೊಟ್ಟರೆ ತರಬೇಡಿ.

ಅದಕ್ಕೇ ಬೀಜವನ್ನು ಗುಂಡಿಯಲ್ಲೇ ಬಿತ್ತಿ ಅಲ್ಲೇ ಕಸಿ ಕಟ್ಟುವುದು ಹೆಚ್ಚು ಭದ್ರ. ಕಾಡು ಬೋರೆಯ ಓಟೆಯನ್ನು (ಹಣ್ಣಿನೊಳಗಿನ ಗಟ್ಟಿ ಬೀಜ) ಉಪ್ಪುನೀರಿಗೆ ಹಾಕಿ, ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ತೊಳೆದುಕೊಳ್ಳಿ. ಸುತ್ತಿಗೆಯಿಂದ ಮೆಲ್ಲಗೆ ಒಡೆದು ಒಳಗಿನ ಬೀಜ ಬಿತ್ತಿದರೆ ಒಂದು ವಾರದಲ್ಲಿ ಮೊಳಕೆ. ಇಡಿಯಾಗಿ ಬಿತ್ತಿದರೆ ಮೂರು ನಾಲ್ಕು ವಾರ. ಕಾಂಡ ಪೆನ್ಸಿಲ್ ದಪ್ಪವಾದಾಗ ನೆಲದಿಂದ ಒಂದು ಗೇಣು ಮೇಲೆ 'ಟಿ' ಆಕಾರದಲ್ಲಿ ತೊಗಟೆ ಸೀಳಿ, ಒಳ್ಳೆಯ ತಳಿಯಿಂದ ಒಂದು ಇಂಚಿನ ಕಣ್ಣು ಎತ್ತಿ ಒಳಗೆ ಸೇರಿಸಿ, ಕಣ್ಣಿನ ಮೊನೆಯಷ್ಟು ಬಿಟ್ಟು ಪ್ಲಾಸ್ಟಿಕ್ ಪಟ್ಟಿ ಸುತ್ತಿ. ತೊಗಟೆ ಸಲೀಸಾಗಿ ಬಿಡುವಾಗ ಮಾತ್ರ ಈ ಕೆಲಸ. ಜುಲೈಯಲ್ಲಿ ಕಟ್ಟಿದರೆ ಸೀಳಿಗೆ ನೀರಿಳಿದು ಕಣ್ಣು ಕಪ್ಪಾಗುತ್ತದೆ, ಸೆಪ್ಟೆಂಬರ್‌ವರೆಗೆ ತಡೆದುಕೊಳ್ಳಿ. ಮೂರು ವಾರಕ್ಕೆ ಕಣ್ಣು ಹಸಿರಿದ್ದರೆ ಮೇಲಿನ ಕಾಂಡ ಕತ್ತರಿಸಿ. ಕಸಿಯ ಕೆಳಗಿನಿಂದ ಏಳುವ ಸಣ್ಣೆಲೆಯ, ದಟ್ಟ ಮುಳ್ಳಿನ ಚಿಗುರನ್ನು ಕಂಡಾಗಲೆಲ್ಲ ಚಿವುಟಿ. ಎರಡು ವರ್ಷ ಅಸಡ್ಡೆ ಮಾಡಿದರೆ ಕಾಡು ಗಿಡವೇ ಮರವಾಗುತ್ತದೆ. 'ನರ್ಸರಿಯವನು ಮೋಸ ಮಾಡಿದ' ಎಂಬ ದೂರಿನಲ್ಲಿ ಅರ್ಧ ಹುಟ್ಟುವುದು ಹೀಗೆ.

ಇನ್ನು ಟೊಂಗೆ ಸವರುವುದು. ಇಡೀ ಬೇಸಾಯ ನಿಂತಿರುವುದೇ ಇದರ ಮೇಲೆ. ಬೋರೆಯ ಹೂವು ಆ ವರ್ಷದ ಹೊಸ ಚಿಗುರಿನ ಎಲೆ ಕಂಕುಳಲ್ಲಿ ಬರುತ್ತದೆ. ಹೊಸ ಚಿಗುರಿಲ್ಲದಿದ್ದರೆ ಹಣ್ಣಿಲ್ಲ. ಮೊದಲ ಎರಡು ವರ್ಷ ಎರಡೂವರೆ ಅಡಿಯವರೆಗೆ ಒಂದೇ ಕಾಂಡ, ಅದರ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಕೈ ಬೆಳೆಸಿ. ಮುಂದೆ ಪ್ರತಿ ವರ್ಷ ಹಿಂದಿನ ವರ್ಷದ ಟೊಂಗೆಯಲ್ಲಿ ಒಂದು ಗೇಣು ಉಳಿಸಿ ಉಳಿದದ್ದು ಕತ್ತರಿಸಿ. ಒಳಮುಖದ್ದು, ನೆಲಕ್ಕೆ ಬಾಗಿದ್ದು ಪೂರ್ತಿ ತೆಗೆಯಿರಿ. ಆಪಲ್ ಬೋರೆಯನ್ನು ಇನ್ನೂ ನಿರ್ದಯವಾಗಿ, ಕೈಗಳ ಬುಡದವರೆಗೂ ಕತ್ತರಿಸಬಹುದು. ಬಯಲುಸೀಮೆಯ ಲೆಕ್ಕ ಹಿಡಿದು ಏಪ್ರಿಲ್‌ನಲ್ಲಿ ಸವರಿದರೆ ಹೂವು ಮಳೆಯ ನಡುವೆ ಬರುತ್ತದೆ. ಕರಾವಳಿಗೆ ಮೇ ಕೊನೆಯ ವಾರ ಒಳ್ಳೆಯದು: ಗಾಯ ಒಣಗಲು ನಾಲ್ಕು ದಿನ ಬಿಸಿಲು ಸಿಗುತ್ತದೆ, ಮಳೆಯಲ್ಲಿ ಚಿಗುರು ಬೆಳೆಯುತ್ತದೆ, ಹೂವಿನ ಮುಖ್ಯ ಅಲೆ ಸೆಪ್ಟೆಂಬರ್, ಅಕ್ಟೋಬರ್ ಕಡೆಗೆ ಜಾರುತ್ತದೆ. ದಪ್ಪ ಗಾಯಗಳಿಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ. ಮಾರ್ಚ್‌ನಿಂದ ಮೇವರೆಗೆ ನೀರು ಪೂರ್ತಿ ನಿಲ್ಲಿಸಿ. ಎಲೆ ಉದುರಿ ಮರ ಬೋಳಾದರೆ ಹೆದರಬೇಡಿ, ಆ ವಿಶ್ರಾಂತಿ ಬೇಕೇ ಬೇಕು.

ಐದು ವರ್ಷದ ಮರಕ್ಕೆ ಸವರಿದ ಮೇಲೆ 30 ಕಿಲೋ ಸಗಣಿ ಗೊಬ್ಬರ. ಯೂರಿಯಾ ಹಾಕುವುದಾದರೆ ವರ್ಷಕ್ಕೆ ಅರ್ಧ ಕಿಲೋ, ಎರಡು ಕಂತಿನಲ್ಲಿ: ಮೊದಲ ಹದಮಳೆಗೆ ಅರ್ಧ, ಕಾಯಿ ಕಚ್ಚಿದ ಮೇಲೆ ಅರ್ಧ. ಒಂದೇ ಸಲ ಜೂನ್‌ನಲ್ಲಿ ಹಾಕಿದರೆ ಅದು ಹೊಳೆ ಸೇರುತ್ತದೆ. ನವೆಂಬರ್‌ನಿಂದ ಹದಿನೈದು ದಿನಕ್ಕೊಮ್ಮೆ ನಾಲ್ಕು ಕೊಡ ನೀರು, ಬುಡಕ್ಕೆ ಕರಡ (ಒಣಹುಲ್ಲು) ಅಥವಾ ದರಕಿನ (ಒಣಗಿದ ಎಲೆ) ಹೊದಿಕೆ.

ಮಳೆ ನಿಂತು ರಾತ್ರಿ ತಂಪಾಗಿ ಇಬ್ಬನಿ ಬೀಳತೊಡಗಿದಾಗ ಬೂದಿ ರೋಗ ಬರುತ್ತದೆ. ಎಳೆ ಕಾಯಿಯ ಮೇಲೆ ಬಿಳಿ ಹಿಟ್ಟು ಕೂತು, ಕಾಯಿ ತುಕ್ಕು ಬಣ್ಣಕ್ಕೆ ತಿರುಗಿ ಉದುರುತ್ತದೆ. ಶಿರಸಿ ಕಡೆಯವರ ಕೈ ಅಭ್ಯಾಸಬಲದಿಂದ ಮೈಲುತುತ್ತದತ್ತ ಹೋಗುತ್ತದೆ. ಅಡಿಕೆಯ ಕೊಳೆಗೆ ಅದು ಸರಿ, ಇಲ್ಲಿ ಬೇಕಾದದ್ದು ಗಂಧಕ. ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ, ಕಾಯಿ ಕಚ್ಚಿದ ಕೂಡಲೇ ಒಮ್ಮೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ, ಸಂಜೆಯ ಹೊತ್ತು ಸಿಂಪಡಿಸಿ. ಉರಿಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಹೂವು ತುಂಬಿರುವಾಗ ಏನನ್ನೂ ಹೊಡೆಯಬೇಡಿ, ಜೇನ್ನೊಣ, ನೊಣಗಳಿಲ್ಲದೆ ಕಾಯಿಯಿಲ್ಲ.

ಎರಡನೆಯ ಕಾಟ ಹಣ್ಣು ನೊಣ. ಕಾಯಿ ಬಟಾಣಿ ಗಾತ್ರದಲ್ಲಿದ್ದಾಗಲೇ ಮೊಟ್ಟೆ ಚುಚ್ಚುತ್ತದೆ. ಆಗ ಬೇವಿನೆಣ್ಣೆ ಲೀಟರಿಗೆ 5 ಮಿಲಿಲೀಟರ್, ಸೋಪು ನೀರಿನೊಂದಿಗೆ ಕಲಸಿ ಹೊಡೆಯಬಹುದು. ಗಂಧಕಕ್ಕೂ ಎಣ್ಣೆಗೂ ನಡುವೆ ಎರಡು ವಾರ ಅಂತರವಿರಲಿ, ಇಲ್ಲದಿದ್ದರೆ ಎಲೆಯೂ ಕಾಯಿಯೂ ಕಮರುತ್ತವೆ. ಸಿಂಪಡಣೆಗಿಂತ ದೊಡ್ಡ ಮದ್ದು ಕಸಬರಿಗೆ. ಉದುರಿದ ಹಣ್ಣನ್ನು ದಿನಾ ಗುಡಿಸಿ ಕುದಿನೀರಿಗೆ ಹಾಕಿ, ಗೊಬ್ಬರಗುಂಡಿಗೆ ಹಾಕಬೇಡಿ. ಹುಳು ಮಣ್ಣಿಗಿಳಿದು ಕೋಶವಾಗುತ್ತದೆ, ಬೇಸಿಗೆಯಲ್ಲಿ ಬುಡದ ಮಣ್ಣು ಕೆದರಿದರೆ ಬಿಸಿಲೇ ಅದನ್ನು ಕೊಲ್ಲುತ್ತದೆ. ಮಂಗ, ಗಿಳಿ, ಬಾವಲಿಗಳಿಗೆ ಬಲೆ ಬಿಟ್ಟರೆ ಬೇರೆ ಉಪಾಯವಿಲ್ಲ.

ಗೋಲಾ ಸಂಕ್ರಾಂತಿಯ ಆಸುಪಾಸಿಗೆ, ಉಮ್ರಾನ್ ಅದಾದ ಮೇಲೆ. ಒಂದೇ ಸಲ ಎಲ್ಲವೂ ಹಣ್ಣಾಗುವುದಿಲ್ಲ, ನಾಲ್ಕೈದು ಸಲ ಕೊಯ್ಯಬೇಕು. ಅಪ್ಪಟ ಹಸಿರಿರುವಾಗ ಕೊಯ್ದದ್ದು ಡಬ್ಬಿಯಲ್ಲಿ ಕಂದಾಗಿ ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿಯಾಗುವುದಿಲ್ಲ. ಹಸಿರು ಹಳದಿಗೆ ತಿರುಗುವ ದಿನದಿಂದ ಹೊಂಬಣ್ಣ ಬರುವ ದಿನದವರೆಗೆ, ಒಂದೇ ಮರದಿಂದ ಒಂದೊಂದು ಹಣ್ಣು ದಿನಾ ತಿಂದು ನೋಡಿ. ಮೊದಲು ಕರುಂ ಎನ್ನುವ ಹುಳಿ, ಓಟೆಯ ಹತ್ತಿರ ಒಗರು. ಮತ್ತೆರಡು ದಿನಕ್ಕೆ ಒಗರು ಹೋಗಿ ಸಿಹಿ ಮುಂದೆ ಬರುತ್ತದೆ, ತಿರುಳು ಇನ್ನೂ ಗಟ್ಟಿ. ಉಮ್ರಾನ್ ತಿನ್ನುವ ದಿನ ಇದೇ. ಕಂದು ಬಣ್ಣ ಅರ್ಧ ಹರಡಿತೆಂದರೆ ತಿರುಳು ಹಿಟ್ಟಾಗಿ, ಹುಳಿ ಹೋಗಿ ಬರೀ ಸಕ್ಕರೆ ಉಳಿಯುತ್ತದೆ. ಅದನ್ನೇ ಇಷ್ಟಪಡುವವರೂ ಇದ್ದಾರೆ, ಜಗಳ ಬೇಡ. ಬಿಸಿಲು ಬೀಳುವ ಬದಿಯ ಹಣ್ಣು ಹೆಚ್ಚು ಸಿಹಿ, ರುಚಿ ಹೋಲಿಸುವಾಗ ಎರಡೂ ಬದಿಯದ್ದು ತನ್ನಿ. ಕಚ್ಚುವ ಮೊದಲು ನಡುವಿಗೆ ಓಟೆಯವರೆಗೆ ಕೊಯ್ದು ಹುಳು ಕೊರೆದ ಕಂದು ಸುರಂಗವಿದೆಯೇ ನೋಡಿ.

ಹುಳಿ ಉಳಿದ ಹಣ್ಣು ಬಿಸಿಲಲ್ಲಿ ಒಣಗಿಸುವ ವಡೆಗೆ. ಒಂದು ಕಿಲೋ ಹಣ್ಣಿಗೆ ಎಂಟು ಒಣಮೆಣಸು, ಎರಡು ಚಮಚ ಉಪ್ಪು, 150 ಗ್ರಾಂ ಬೆಲ್ಲ, ಚಿಟಿಕೆ ಇಂಗು ಹಾಕಿ, ಓಟೆ ಪುಡಿಯಾಗದಂತೆ ಒರಳಲ್ಲಿ ಜಜ್ಜಿ, ಬಿಲ್ಲೆ ತಟ್ಟಿ ನಾಲ್ಕು ದಿನ ಒಣಗಿಸಿ. ಫೆಬ್ರವರಿಯ ಬಿಸಿಲಿಗೆ ಸರಿಯಾಗಿ ಒಣಗುತ್ತದೆ. ಸಮುದ್ರದ ಹಸಿಗಾಳಿ ತಾಗುವ ಮನೆಯಾದರೆ ಸಂಜೆ ನಾಲ್ಕಕ್ಕೇ ಒಳಗೆ ತನ್ನಿ, ಇಲ್ಲದಿದ್ದರೆ ಬೂಸಲು.